ವರ್ಷ ದಾಟಿದವಳು

ಹೊಟ್ಟೆಕಿಚ್ಚಿಗೆ ಒಲೆ ಬೇಡ, ಸೌದೆ ಬೇಡ. ನಮ್ಮ ಎದುರಿಗೆ ಒಬ್ಬರು ನಗುತ್ತ ನಿಂತರೆ ಸಾಕು, ತಾನಾಗಿ ಹತ್ತಿಕೊಳ್ಳುತ್ತದೆ. ದೊಡ್ಡವಳ ಪಾಲಿಗೆ ಹಾಗೆ ನಗುತ್ತ ನಿಂತವಳು ಬೇರೆ ಯಾರೂ ಅಲ್ಲ, ಒಡಹುಟ್ಟಿದ ತಂಗಿ. ಅವಳು ನಿಂತದ್ದಾದರೂ ಎಲ್ಲಿ? ಅಂಗೈ ಅಗಲದ ಫೋನಿನ ಗಾಜಿನೊಳಗೆ. ತಾಯಿ ಆ ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲೆ ಉಪ್ಪಿನ ಡಬ್ಬಿಗೆ ಒರಗಿಸಿಟ್ಟು, ದೇವರ ಮುಂದೆ ಕೂತಷ್ಟು ಭಕ್ತಿಯಿಂದ ಅದರ ಮುಂದೆ ಕೂರುತ್ತಿದ್ದಳು.

"ಉಂಡೆಯಾ ಮಗಳೇ? ಸರಿಯಾಗಿ ಉಂಡೆಯಾ? ಮುಖ ಯಾಕೆ ಇಳಿದಿದೆ?"

ಆ ಸೋಮವಾರವೂ ದೊಡ್ಡವಳು ಎರಡು ಕೈಯಲ್ಲಿ ಎರಡು ಚೀಲ ಹಿಡಿದು ನಾಲ್ಕು ಮಹಡಿ ಹತ್ತಿ ಏದುಸಿರು ಬಿಡುತ್ತ ಒಳಗೆ ಬಂದಾಗ ನಡೆಯುತ್ತಿದ್ದದ್ದು ಇದೇ ವಿಚಾರಣೆ. ಕಟ್ಟಡದ ಲಿಫ್ಟು ಕೆಟ್ಟು ಕೂತು ಬಹಳ ಕಾಲವಾಗಿತ್ತು. ತಾಯಿ ತಿರುಗಿ ನೋಡದೆ ಅಂದಳು:

"ಬಾಗಿಲು ಹಾಕು, ಮೆಟ್ಟಿಲ ಗಲಾಟೆ ಕೇಳತ್ತೆ. ಚಿಕ್ಕೋಳು ಮಾತಾಡ್ತಿದಾಳೆ."

ದೊಡ್ಡವಳು ಬಾಗಿಲು ಹಾಕಿದಳು. ಬೇಕಾದ್ದಕ್ಕಿಂತ ತುಸು ಜೋರಾಗಿಯೇ ಹಾಕಿದಳು.

ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ತಾಯಿಯ ಮಂಡಿಗೆ ಎಣ್ಣೆ ತಿಕ್ಕುವವಳು, ಔಷಧಿಯಂಗಡಿಯ ಸಾಲಿನಲ್ಲಿ ನಿಲ್ಲುವವಳು, ನಲ್ಲಿ ಸೋರಿದರೆ ಬಟ್ಟೆ ಸುತ್ತುವವಳು ದೊಡ್ಡವಳು. ಆದರೆ ಮೆಟ್ಟಿಲ ಮೇಲೆ ನೆರೆಯವರು ಸಿಕ್ಕರೆ ತಾಯಿಯ ಬಾಯಲ್ಲಿ ಬರುತ್ತಿದ್ದದ್ದು ಚಿಕ್ಕವಳು. ಚಿಕ್ಕೋಳು ಕಳಿಸಿದ ಹೊದಿಕೆ, ಚಿಕ್ಕೋಳು ಹೇಳಿದ ಮಾತು, ಚಿಕ್ಕೋಳ ಆಸ್ಪತ್ರೆ. ಚಿಕ್ಕವಳು ಅಲ್ಲೇನು ವೈದ್ಯೆಯಲ್ಲ. ಕಡಲಾಚೆಯ ಒಂದು ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹಾಸಿಗೆ ಚಾದರ ಒಗೆಯುವ ಯಂತ್ರಗಳ ಉಸ್ತುವಾರಿ. ತಾಯಿಯ ಕಥೆಯಲ್ಲಿ ಮಾತ್ರ ಆ ಆಸ್ಪತ್ರೆ ನಿಂತದ್ದೇ ಅವಳ ಕೈಮೇಲೆ.

ದೊಡ್ಡವಳು ಕೆಲಸ ಮಾಡುತ್ತಿದ್ದದ್ದು ದೇಶದ ಆದಾಯವನ್ನು ಲೆಕ್ಕ ಹಾಕುವ ಕಚೇರಿಯಲ್ಲಿ. ಗಡಿಯೊಳಗೆ ಏನೇನು ಬೆಳೆಯಿತು, ಏನೇನು ತಯಾರಾಯಿತು ಎಂದು ಲೆಕ್ಕ ಹಾಕುವವರು ಬೇರೆ. ಅವರ ಕೋಣೆ ದೊಡ್ಡದು, ಅದಕ್ಕೆ ಎರಡು ಕಿಟಕಿ. ದೊಡ್ಡವಳದು ಕಿಟಕಿಯಿಲ್ಲದ ಮೂಲೆ. ಅವರು ಕೊಟ್ಟ ಮೊತ್ತಕ್ಕೆ ನಮ್ಮವರು ಹೊರಗೆ ದುಡಿದದ್ದನ್ನು ಕೂಡಿಸುವುದು, ಹೊರಗಿನವರು ಇಲ್ಲಿಂದ ಕೊಂಡೊಯ್ದದ್ದನ್ನು ಕಳೆಯುವುದು, ಇದು ಅವಳ ಪಾಲಿನ ಕೆಲಸ. ಹೀಗೆ ಕೂಡಿ ಕಳೆದು ನಿಂತದ್ದು ಒಟ್ಟು ರಾಷ್ಟ್ರೀಯ ಆದಾಯ. ಅದನ್ನು ದೇಶದ ತಲೆಗಳಿಂದ ಭಾಗಿಸಿದರೆ ತಲಾ ಆದಾಯ. ಲೋಕದ ದೊಡ್ಡವರು ಎಲ್ಲೋ ಕೂತು ಒಂದು ಗೆರೆ ಎಳೆದಿದ್ದಾರೆ. ತಲಾ ಆದಾಯ ಆ ಗೆರೆಯ ಕೆಳಗಿದ್ದರೆ ಬಡ ದೇಶ, ದಾಟಿದರೆ ಮಧ್ಯಮ. ಕಚೇರಿಯ ಮುಖ್ಯಸ್ಥರಿಗೆ ಹಗಲೂ ರಾತ್ರಿ ಆ ಗೆರೆಯದೇ ಧ್ಯಾನ. ಆದ್ದರಿಂದ ಎಲ್ಲರೂ ಅವರನ್ನು ಬೆನ್ನ ಹಿಂದೆ ಗೆರೆ ಸಾಹೇಬರು ಎನ್ನುತ್ತಿದ್ದರು.

ಆ ಮೂಲೆಯ ಕೆಲಸದಲ್ಲಿ ಒಂದು ನಿಯಮವಿತ್ತು. ಹೊರಗೆ ಹೋದವರು ವರ್ಷದೊಳಗಿನವರಾದರೆ ನಮ್ಮವರು, ಅವರ ಸಂಬಳ ನಮ್ಮ ಆದಾಯ. ವರ್ಷ ದಾಟಿತೋ, ಅವರು ಆ ದೇಶದ ಲೆಕ್ಕದವರು. ಆಮೇಲೆ ಅವರು ಮನೆಗೆ ಕಳಿಸುವುದು ನೆಂಟರು ತಂದ ಉಡುಗೊರೆ ಇದ್ದ ಹಾಗೆ. ಸಂತೋಷ, ಆದರೆ ಆದಾಯವಲ್ಲ. ನಡುವೆ ನಾಲ್ಕು ದಿನ ಬಂದು ಹೋದರೂ ಈ ಲೆಕ್ಕ ಬದಲಾಗುವುದಿಲ್ಲ.

ದೊಡ್ಡವಳಿಗೆ ಈ ನಿಯಮದ ಮೇಲೆ ಗುಟ್ಟಾದ ಪ್ರೀತಿ. ಒಮ್ಮೆ ಊಟಕ್ಕೆ ಕೂತಾಗ ತಡೆಯಲಾರದೆ ಅಂದೇಬಿಟ್ಟಿದ್ದಳು:

"ಅಮ್ಮಾ, ದೇಶದ ಲೆಕ್ಕದಲ್ಲಿ ನಿನ್ನ ಚಿಕ್ಕಮಗಳು ನಮ್ಮವಳೇ ಅಲ್ಲ, ಗೊತ್ತಾ?"

ತಾಯಿ ತುತ್ತು ನುಂಗಿ, ನೀರು ಕುಡಿದು, ನಿಧಾನವಾಗಿ ಕೇಳಿದಳು: "ದೇಶ ಹೆತ್ತಿತ್ತಾ ಅವಳನ್ನ?"

ಅಲ್ಲಿಗೆ ಆ ಮಾತು ಮುಗಿದಿತ್ತು.

ಈ ಸೋಮವಾರ ತಾಯಿ ಸ್ನಾನಕ್ಕೆ ಎದ್ದಾಗ ಚಿಕ್ಕವಳು ಗಾಜಿನೊಳಗಿಂದ ಮೆಲ್ಲಗೆ ಕರೆದಳು: "ಅಕ್ಕಾ, ಅಮ್ಮ ಹೋದ್ಲಾ? ಒಂದು ಮಾತು. ನನ್ನ ಕರಾರು ಮುಗೀತಿದೆ. ಶುಕ್ರವಾರ ಮಧ್ಯಾಹ್ನದೊಳಗೆ ಸಹಿ ಹಾಕಿದ್ರೆ ಇನ್ನೂ ಮೂರು ವರ್ಷ. ಇಲ್ಲದಿದ್ರೆ ಮನೆಗೆ ಬಂದುಬಿಡ್ತೀನಿ. ಅಮ್ಮನ್ನ ಕೇಳ್ತೀಯಾ?"

"ನೀನೇ ಕೇಳು. ದಿನಾ ಗಂಟೆಗಟ್ಟಲೆ ಮಾತಾಡ್ತೀಯಲ್ಲ."

"ನಾನು ಕೇಳಿದ್ರೆ 'ನಿನಗೆ ಹೇಗೆ ಅನುಕೂಲವೋ ಹಾಗೆ ಮಾಡು' ಅಂತಾಳೆ. ನಿನ್ನ ಹತ್ರ ಆದ್ರೆ ನಿಜ ಹೇಳ್ತಾಳೆ. ಬಾ ಅಂದ್ರೆ ಬರ್ತೀನಿ. ಮರೀಬೇಡ ಅಕ್ಕಾ. ಶುಕ್ರವಾರ."

ನಿನ್ನ ಹತ್ತಿರವಾದರೆ ನಿಜ ಹೇಳುತ್ತಾಳೆ ಎಂಬ ಮಾತಿನಲ್ಲಿ ಎಷ್ಟು ಮರ್ಯಾದೆ ಇತ್ತು! ಆದರೆ ಉರಿಯುವ ಕಿವಿಗೆ ಅದು ಕೇಳುವುದಿಲ್ಲ. ದೊಡ್ಡವಳಿಗೆ ಕೇಳಿದ್ದು 'ಬರ್ತೀನಿ' ಎಂಬುದೊಂದೇ. ಬಂದರೆ ಹಗಲೆಲ್ಲ ತಾಯಿಯ ಮಗ್ಗುಲಲ್ಲಿ ಅವಳೇ. ಕಚೇರಿಯಿಂದ ಬರುವ ತನಗೆ ಸಿಗುವುದು ಮಿಕ್ಕಿದ್ದು. ಬಾರದಿದ್ದರೆ ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ, ಅಲ್ಲಿಂದಲೇ ಹೊಳೆಯುತ್ತಾಳೆ. ಬಂದರೂ ಉರಿ, ಬಾರದಿದ್ದರೂ ಉರಿ. ಕೊನೆಗೆ ದೂರದ ಉರಿಯೇ ವಾಸಿ ಎನಿಸಿತು. ತಾನು ಸುಳ್ಳೇನೂ ಹೇಳಬೇಕಿಲ್ಲ, ಸುಮ್ಮನಿದ್ದರೆ ಸಾಕು. ಶುಕ್ರವಾರ ತಾನಾಗಿ ಬಂದು ಹೋಗುತ್ತದೆ.

ತಾಯಿ ತಲೆ ಒರೆಸಿಕೊಳ್ಳುತ್ತ ಬಂದು, "ಏನಂದ್ಲು ಚಿಕ್ಕೋಳು?" ಎಂದಳು.

"ಏನಿಲ್ಲ. ಸುಮ್ಮನೆ."

ಮಾರನೆಯ ದಿನ ಗೆರೆ ಸಾಹೇಬರು ಆ ಕಿಟಕಿಯಿಲ್ಲದ ಮೂಲೆಗೆ ಸ್ವತಃ ನಡೆದು ಬಂದರು. ಹಾಗೆ ಬಂದದ್ದು ಅದೇ ಮೊದಲು. ಮುಖ ಹೊಸದಾಗಿ ಬೆಳಗಿದ ಹಿತ್ತಾಳೆ ಚೆಂಬಿನ ಹಾಗಿತ್ತು.

"ದಾಟಿದ್ವಿ ಕಣಮ್ಮ! ಗೆರೆ ದಾಟಿದ್ವಿ! ಗಡಿಯೊಳಗಿನ ಉತ್ಪನ್ನ ಹೋದ ಸಲದಷ್ಟೇ ಇದೆ. ದಾಟಿಸಿದ್ದು ನಿಮ್ಮ ಮೂಲೆ. ವರ್ಷದೊಳಗೆ ಹೊರಗೆ ಹೋಗಿ ದುಡಿಯೋರು ಈ ಸಲದ ಮನೆಮನೆ ಎಣಿಕೆಯಲ್ಲಿ ರಾಶಿ ಸಿಕ್ಕಿದಾರೆ. ಅವರ ಸಂಬಳವೇ ನಮ್ಮನ್ನ ಎತ್ತಿದ್ದು. ನಾಳಿದ್ದು ಪ್ರಕಟಣೆ. ವೇದಿಕೆ ಮೇಲೆ ನಿಮ್ಮನ್ನ ಕರೀತೀನಿ."

ಎರಡು ಕಿಟಕಿಯ ಕೋಣೆಯವರು ಬಂದು ಕೈ ಕುಲುಕಿದರು. ಅವರ ನಗುವಿನ ಅಂಚಿನಲ್ಲಿ ಸಣ್ಣ ಹುಳುಕು ಕಂಡು ದೊಡ್ಡವಳಿಗೆ ತಂಪಾಯಿತು. ಹೊಟ್ಟೆಕಿಚ್ಚು ತನ್ನದಾದರೆ ಸುಡುತ್ತದೆ, ಬೇರೆಯವರದಾದರೆ ಬಿಸಿಲು ಕಾಯಿಸಿಕೊಂಡ ಹಾಗೆ ಹಿತ.

ಆ ಹಿತ ಹೆಚ್ಚು ಹೊತ್ತು ನಿಲ್ಲಲಿಲ್ಲ. ವರ್ಷದೊಳಗೆ ಹೋದವರು ಒಂದೇ ಸಲ ಇಷ್ಟೊಂದು ಜನ ಎಲ್ಲಿಂದ ಬಂದರು? ತಮ್ಮ ಬೀದಿಗೂ ಎಣಿಕೆಯವನು ಬಂದಿದ್ದ ನೆನಪಾಯಿತು. ಆಗ ಅವಳು ಕಚೇರಿಯಲ್ಲಿದ್ದಳು. ಆ ಸಂಜೆ ತಾಯಿ ಮೆಟ್ಟಿಲ ಮೇಲೆ ನೆರೆಯವಳಿಗೆ ಹೇಳುತ್ತಿದ್ದ ಮಾತು ಕಿವಿಯೊಳಗೆ ಮತ್ತೆ ಮೊಳಗಿತು: 'ನಮ್ಮ ಚಿಕ್ಕೋಳು ಹೋಗಿ ಇನ್ನೂ ವರ್ಷ ಎಲ್ಲಿ ಆಯ್ತು?'

ದೊಡ್ಡವಳಿಗೆ ಎಲ್ಲ ತಿಳಿಯಿತು: ತಾಯಿ ಎಣಿಕೆಯವನಿಗೂ ಇದನ್ನೇ ಬರೆಸಿದ್ದಾಳೆ. ಚಿಕ್ಕವಳು ಹೋಗಿ ಹಲವು ವರ್ಷ. ಆದರೂ ಅವಳು ಮನೆಯೊಳಗೆ ಮಾತ್ರವಲ್ಲ, ದೇಶದ ಮೊತ್ತದೊಳಗೂ ಬಂದು ಕೂತಿದ್ದಾಳೆ! ತಾನು ನಾಳಿದ್ದು ವೇದಿಕೆ ಹತ್ತುವುದಾದರೆ ಅದೂ ಅವಳ ಹೆಗಲೇರಿ ಹತ್ತಬೇಕು.

ಬಾಯಿ ಮುಚ್ಚಿಕೊಂಡಿದ್ದರೆ ಹೊಗಳಿಕೆ ತನ್ನದಾಗುತ್ತಿತ್ತು. ಆದರೆ ತನ್ನ ಮೂಗು ಕೊಯ್ದುಕೊಂಡಾದರೂ ಪರರಿಗೆ ಅಪಶಕುನ ಮಾಡುವುದು ಹೊಟ್ಟೆಕಿಚ್ಚಿನ ಹುಟ್ಟುಗುಣ. ಅವಳು ನೇರವಾಗಿ ಸಾಹೇಬರ ಕೋಣೆಗೆ ಹೋಗಿ ಅಂದಳು: "ಸಾರ್, ಲೆಕ್ಕ ತಪ್ಪಿದೆ. ವರ್ಷ ದಾಟಿದವರೂ ಒಳಗೆ ಸೇರಿಕೊಂಡಿದಾರೆ. ತೆಗೆದುಹಾಕಬೇಕು."

ಚೆಂಬಿನ ಹೊಳಪು ಇಳಿಯಿತು. "ಯೋಚನೆ ಮಾಡಿ ಹೇಳ್ತಿದೀರಾ? ಇಡೀ ದೇಶವನ್ನ ಗೆರೆಯಿಂದ ಕೆಳಗೆ ಎಳೀತಿದೀರ."

"ಸತ್ಯ ತಾನೆ ಸಾರ್?"

ಸತ್ಯವೇ, ಸಂದೇಹವಿಲ್ಲ. ಆದರೆ ಹಾಲು ಎಷ್ಟೇ ಒಳ್ಳೆಯದಿರಲಿ, ಹುಳಿ ಅಂಟಿದ ಪಾತ್ರೆಯಲ್ಲಿ ತಂದರೆ ತಂದವರಿಗೆ ಅದರ ವಾಸನೆ ಗೊತ್ತಾಗದೆ ಇರುತ್ತದೆಯೆ? ದೊಡ್ಡವಳು ಕಣ್ಣು ತಗ್ಗಿಸಿದಳು.

ಸಾಹೇಬರು ಗೆರೆಯ ಭಕ್ತರಾದರೂ ಸುಳ್ಳಿನ ಭಕ್ತರಲ್ಲ. ಬಹಳ ಹೊತ್ತು ಕನ್ನಡಕ ಒರೆಸಿದರು. "ಪ್ರಕಟಣೆ ಒಂದು ವಾರ ತಳ್ತೀನಿ. ಎಲ್ಲಾ ಕಡೆ ಮತ್ತೆ ಕೇಳಿಸೋಣ. ನಿಮ್ಮ ಬೀದಿಯಿಂದಲೇ ಶುರು ಮಾಡಿ. ನೀವೇ ಹೋಗಿ, ಬಾಯಿಬಿಟ್ಟು ಕೇಳಿ" ಎಂದರು.

ಗುರುವಾರ ದೊಡ್ಡವಳು ಬೀದಿಗಿಳಿದಳು. ಮೊದಲು ಸಿಕ್ಕವಳು ಕಟ್ಟಡದ ಕೆಳಗಿನ ಅಂಗಡಿಯ ಇಸ್ತ್ರಿಯವಳು. ಅವಳ ಮಗ ಯಾವುದೋ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದ.

"ಮಗ ಹೋಗಿ ಎಷ್ಟು ದಿನ ಆಯ್ತು?"

"ಆರು ತಿಂಗಳು." ಇಸ್ತ್ರಿಪೆಟ್ಟಿಗೆ ಒಂದು ತೋಳಿನ ಮೇಲೆ ಸರ್ರನೆ ಹೋಗಿ ಬಂತು.

"ಮೊದಲನೇ ಸಲ ಹೋಗಿದ್ದು ಯಾವಾಗ?"

"ಅಯ್ಯೋ, ಅದಾ? ಆಗಿನ್ನೂ ಅವನಿಗೆ ಮೀಸೆ ಸರಿಯಾಗಿ ಮೂಡಿರಲಿಲ್ಲ."

"ಮತ್ತೆ ಆರು ತಿಂಗಳು ಅಂದ್ರಿ?"

"ಮಧ್ಯೆ ಬಂದಿದ್ನಲ್ಲಾ! ಬಂದ, ನನ್ನ ಕೈಯಲ್ಲಿ ಉಂಡ, ಹೊದ್ದು ಮಲಗಿದ, ಹೋದ. ಅಲ್ಲಿಂದ ಹೊಸ ಲೆಕ್ಕ. ನೀವು ಆಫೀಸಿನೋರು ಹಳೇ ಲೆಕ್ಕ ಯಾಕೆ ಕೆದಕ್ತೀರಾ?"

ಎದುರು ಮನೆಯ ಬೀಗ ರಿಪೇರಿಯವನ ಇಬ್ಬರು ಮಕ್ಕಳೂ ಹೊರಗೆ. ಅವನು ಕೀಲಿಯೊಂದನ್ನು ಅರದಿಂದ ಉಜ್ಜುತ್ತ, ತಲೆ ಎತ್ತದೆ, "ವರ್ಷದೊಳಗೇ" ಎಂದ. ಬಿಡಿಸಿ ಕೇಳಿದರೆ, ಹಿರಿಯವನು ಒಂದು ಸಲವೂ ಬಂದಿರಲಿಲ್ಲ.

"ಬಂದೇ ಇಲ್ಲ ಅಂದ್ಮೇಲೆ ವರ್ಷದೊಳಗೆ ಹೇಗೆ ಯಜಮಾನ್ರೇ?"

"ಬರ್ತೀನಿ ಅಂದಿದಾನಮ್ಮ. ಬರೋನನ್ನ ಹೋದೋನು ಅಂತ ಹೇಗೆ ಬರೆಸ್ಲಿ?"

ಯಾರೂ ಸುಳ್ಳು ಹೇಳಿರಲಿಲ್ಲ. ಮನೆಮನೆಯಲ್ಲೂ ಇದೇ ಪಂಚಾಂಗ: ಮಗು ಕೊನೆಯ ಸಲ ಹೊಸಿಲು ದಾಟಿದ ದಿನವೇ ಮೊದಲ ದಿನ. ಹೀಗೆ ಎಣಿಸಿದರೆ ಯಾರ ಮಕ್ಕಳೂ ವರ್ಷ ದಾಟುವುದೇ ಇಲ್ಲ. ದೇಶ ಗೆರೆ ದಾಟಿದ್ದು ಹೀಗೆ. ದೊಡ್ಡವಳು ಪ್ರತಿ ಮನೆಯ ಮುಂದೆಯೂ ತಪ್ಪನ್ನು ತಿದ್ದಿ ಬರೆದುಕೊಂಡಳು. ಬರೆದುಕೊಂಡಂತೆಲ್ಲ ಬೆಳಿಗ್ಗೆ ಇದ್ದ ಉತ್ಸಾಹ ಯಾಕೋ ಕಡಿಮೆಯಾಗುತ್ತ ಬಂತು. ಇಸ್ತ್ರಿಯವಳ ಮಗ ನಮ್ಮವನಲ್ಲ ಎಂದು ಬರೆದರೆ ತನಗೆ ಬರುವ ಸುಖವಾದರೂ ಏನು?

ಸುಖವಿದ್ದದ್ದು ಕೊನೆಯ ಮನೆಯಲ್ಲಿ. ಆ ಮನೆ ಅವಳದೇ.

ತಾಯಿ ಕಿಟಕಿಯ ಬಳಿ ಕೂತು ಅಕ್ಕಿ ಆರಿಸುತ್ತಿದ್ದಳು. ದೊಡ್ಡವಳು ಕೊರಳಲ್ಲಿದ್ದ ಕಚೇರಿಯ ಗುರುತಿನ ಚೀಟಿಯನ್ನು ತೆಗೆಯದೆ ಎದುರು ಕೂತಳು.

"ಅಮ್ಮಾ, ಇದು ಕಚೇರಿ ಕೆಲಸ. ನೆಟ್ಟಗೆ ಉತ್ತರ ಹೇಳು. ಮನೇಲಿ ಎಷ್ಟು ಜನ?"

"ಮೂರು."

"ಇಲ್ಲಿರೋರು ಎಷ್ಟು ಜನ ಅಂತ ಕೇಳಿದ್ದು."

"ಮೂರು ಅಂದೆನಲ್ಲ. ಕಿವಿ ಮಂದವಾಯ್ತಾ ನಿನಗೆ?"

"ಸರಿ. ಚಿಕ್ಕೋಳು ಹೋಗಿ ಎಷ್ಟು ಕಾಲ ಆಯ್ತು?"

"ಹೋದ ಬೇಸಿಗೆಯಲ್ಲಿ ಬಂದು ಹೋದ್ಲಲ್ಲ. ಇನ್ನೂ ವರ್ಷ ಆಗಿಲ್ಲ."

ದೊಡ್ಡವಳು ಅದನ್ನೂ ತಿದ್ದಬೇಕಿತ್ತು. ತಿದ್ದಲು ಪೆನ್ನು ಎತ್ತಿ, ಮತ್ತೊಂದು ಪ್ರಶ್ನೆ ಬಾಕಿ ಇದೆಯೆಂದು ಅದನ್ನು ಮೊದಲು ಕೇಳಿದಳು.

"ಮನೆ ನಡೆಸೋರು ಯಾರು?"

"ಚಿಕ್ಕೋಳು."

ಒಂದು ಕ್ಷಣವೂ ತಡೆಯದೆ, ಅಕ್ಕಿಯೊಳಗಿನ ಕಲ್ಲನ್ನು ಹೆಕ್ಕಿ ಬಿಸಾಡಿದಷ್ಟು ಸಲೀಸಾಗಿ ಹೇಳಿದಳು. ದೊಡ್ಡವಳ ಕೈಯಲ್ಲಿದ್ದ ಪೆನ್ನು ಹಾಗೆಯೇ ನಿಂತಿತು. ಬೆಳಗಿನ ಚಹಾದಿಂದ ಹಿಡಿದು ಸಂಜೆಯ ಮಂಡಿಯೆಣ್ಣೆಯವರೆಗೆ ತಾನು ಮಾಡುವುದೆಲ್ಲ ಒಟ್ಟಿಗೆ ನೆನಪಾಯಿತು.

"ನಾನೇನು ಮಾಡ್ತಿದೀನಿ ಹಾಗಾದ್ರೆ ಈ ಮನೇಲಿ?"

ಅವಳ ದನಿ ಒಡೆದದ್ದಕ್ಕೆ ತಾಯಿ ಮೊದಲ ಸಲ ತಲೆ ಎತ್ತಿದಳು. ಮೊರವನ್ನು ಪಕ್ಕಕ್ಕಿಟ್ಟಳು.

"ಹುಚ್ಚಿ. ನೀನು ಇದ್ದೀಯಲ್ಲೇ. ಇರೋಳನ್ನ ಯಾಕೆ ಹೇಳಬೇಕು? ಇಲ್ಲದೋರ ಹೆಸರನ್ನ ನಾಲ್ಕು ಸಲ ಜಾಸ್ತಿ ಹೇಳ್ತಿರಬೇಕು. ಹೇಳದೆ ಬಿಟ್ರೆ ಮನೆಗೆ ಮರೆತು ಹೋಗತ್ತೆ. ಗೋಡೆಗೆ ಮರೆತು ಹೋಗತ್ತೆ. ನಂಗೂ ಮರೆತುಹೋಗತ್ತೆ ಅಂತ ಭಯ."

ಆ ಮಾತು ದೊಡ್ಡವಳನ್ನು ಪೂರ್ತಿ ತಣಿಸಿತು ಎಂದರೆ ಸುಳ್ಳಾಗುತ್ತದೆ. ಇರುವವಳು ಎನ್ನಿಸಿಕೊಳ್ಳುವುದೂ ಒಂದು ಬಗೆಯ ಬಡತನವೇ. ಆದರೆ ತಾಯಿಯ ಕಣ್ಣಿನಲ್ಲಿ ಆ ಭಯವನ್ನು ಅವಳು ಈವರೆಗೆ ನೋಡಿರಲಿಲ್ಲ. ದಿನವೂ ಉಪ್ಪಿನ ಡಬ್ಬಿಯ ಮುಂದೆ ನಡೆಯುತ್ತಿದ್ದದ್ದು ಹಬ್ಬವೆಂದುಕೊಂಡಿದ್ದಳು. ಅದು ಹಬ್ಬವಲ್ಲ, ಸೋರುವ ಕೊಡವನ್ನು ಮತ್ತೆ ಮತ್ತೆ ತುಂಬುವ ಕೆಲಸ.

ಗುರುತಿನ ಚೀಟಿಯನ್ನು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟಳು.

"ಅಮ್ಮಾ, ಚಿಕ್ಕೋಳು ಒಂದು ಮಾತು ಕೇಳಿದಾಳೆ. ಕರಾರು ಮುಗೀತಿದೆಯಂತೆ. ನೀನು ಬಾ ಅಂದ್ರೆ ಬರ್ತಾಳಂತೆ. ಇಲ್ಲದಿದ್ರೆ ಇನ್ನೂ ಮೂರು ವರ್ಷ. ನಾಳೆ ಮಧ್ಯಾಹ್ನದೊಳಗೆ ಹೇಳಬೇಕು."

ತಾಯಿಯ ಬೆರಳುಗಳು ಮೊರದ ಅಂಚನ್ನು ಹುಡುಕಿ ಹಿಡಿದುಕೊಂಡವು.

"ಯಾವತ್ತು ಕೇಳಿದ್ದು?"

"ಸೋಮವಾರ."

"ಸೋಮವಾರದಿಂದ ಇಟ್ಕೊಂಡಿದ್ಯಾ?"

"ಹೂಂ."

ಬೈಗುಳಕ್ಕೆ ದೊಡ್ಡವಳು ಸಿದ್ಧಳಾಗಿ ಕೂತಳು. ತಾಯಿ ಬೈಯಲಿಲ್ಲ. ಹೆತ್ತವಳಿಗೆ ಯಾವ ಮಗುವಿನ ಹೊಟ್ಟೆಯಲ್ಲಿ ಯಾವ ನೋವಿದೆಯೆಂದು ಗೊತ್ತಿರುವುದಿಲ್ಲವೆ? ಕಿಟಕಿಯಾಚೆ ನೋಡುತ್ತ ಕೇಳಿದಳು:

"ನೀನೇನು ಹೇಳ್ತೀಯೆ?"

"ನನ್ನನ್ನ ಯಾಕೆ ಕೇಳ್ತೀಯಾ?"

"ಮನೆ ನಡೆಸೋಳು ನೀನು. ನಿನ್ನನ್ನ ಕೇಳದೆ ಇನ್ಯಾರನ್ನ ಕೇಳಲಿ?"

"ಈಗಷ್ಟೇ ಚಿಕ್ಕೋಳು ಅಂದೆ!"

"ಅದು ಕಚೇರಿಗೆ ಹೇಳಿದ್ದು."

ದೊಡ್ಡವಳಿಗೆ ನಗು ಬಂತು, ಅಳುವೂ ಬಂತು. ಎರಡೂ ಬಾಗಿಲಲ್ಲಿ ಸಿಕ್ಕಿಕೊಂಡು ಯಾವುದೂ ಹೊರಬರಲಿಲ್ಲ. ಎದ್ದು ಅಡುಗೆಮನೆಗೆ ಹೋದಳು. ಉಪ್ಪಿನ ಡಬ್ಬಿಗೆ ಒರಗಿ ಫೋನು ಕಪ್ಪಗೆ ನಿಂತಿತ್ತು. ಅವಳ ತಲೆ, ಅಭ್ಯಾಸಬಲದಿಂದ, ಲೆಕ್ಕ ಹಾಕಿತು. ಚಿಕ್ಕವಳು ಬಂದರೆ ದೇಶದ ಮೊತ್ತ ಒಂದಿಷ್ಟೂ ಹೆಚ್ಚುವುದಿಲ್ಲ, ಭಾಗಿಸುವ ತಲೆ ಮಾತ್ರ ಒಂದು ಹೆಚ್ಚುತ್ತದೆ. ತಲಾ ಆದಾಯ ಕೂದಲೆಳೆಯಷ್ಟು ಇಳಿಯುತ್ತದೆ. ಈ ಮನೆಯಲ್ಲೂ ಹಾಗೆಯೇ. ಇರುವವಳು ಒಬ್ಬಳೇ ತಾಯಿ, ಭಾಗಿಸಬೇಕಾದದ್ದು ಇಬ್ಬರಿಗೆ. ಆದರೆ ಇಷ್ಟು ವರ್ಷ ತನ್ನೊಬ್ಬಳ ಪಾಲಿಗೇ ಇದ್ದ ತಾಯಿ ಈ ಗಾಜಿನ ಮುಂದೆಯೇ ಕೂತಿದ್ದಳಲ್ಲ? ಯಾವ ಲೆಕ್ಕವೂ ಕೂಡಿಬರಲಿಲ್ಲ. 'ದೇವರೇ, ನೀನೇ ಭಾಗ ಮಾಡು' ಎಂದು ಗುಂಡಿ ಒತ್ತಿದಳು.

ಚಿಕ್ಕವಳ ಹಿಂದೆ ದೊಡ್ಡ ಯಂತ್ರಗಳು ಗುಂಯ್‌ಗುಡುತ್ತಿದ್ದವು. "ಅಕ್ಕಾ! ಅಮ್ಮ ಏನಂದ್ಲು?"

ಈಗಲೂ ಒಂದು ಮಾತು ಸಾಕಿತ್ತು. ಅಮ್ಮ ನಿನ್ನ ಅನುಕೂಲ ನೋಡಿಕೋ ಅಂದಳು ಎಂದರೆ ಮುಗಿಯಿತು. ಆ ಮಾತು ನಾಲಿಗೆಯ ತುದಿಗೆ ಬಂದು ಕೂತೂ ಇತ್ತು.

"ಅಮ್ಮ ಏನೂ ಅನ್ನಲಿಲ್ಲ. ನಾನು ಹೇಳ್ತಿದೀನಿ. ಬಾ."

ಗಾಜಿನೊಳಗಿನ ಮುಖ ಕೆಳಗೆ ಬಾಗಿತು.

"ನಾನು ಕಳಿಸೋದು ನಿಂತುಹೋಗತ್ತೆ ಅಕ್ಕಾ. ಕಷ್ಟ ಆಗಲ್ವಾ?"

"ನಿಲ್ಲಲಿ ಬಿಡು. ದೇಶದ ಲೆಕ್ಕದಲ್ಲಂತೂ ಅದು ಇರಲೇ ಇಲ್ಲ."

"ಏನಂದೆ?"

"ಏನಿಲ್ಲ, ನನ್ನ ಕಚೇರಿ ತಮಾಷೆ. ಸಹಿ ಹಾಕಬೇಡ, ಅಷ್ಟೇ."

ಶುಕ್ರವಾರ ಅವಳು ತಿದ್ದಿದ ಲೆಕ್ಕವನ್ನು ಸಾಹೇಬರ ಮುಂದಿಟ್ಟಳು. ಅದರಲ್ಲಿ ಇಸ್ತ್ರಿಯವಳ ಮಗನೂ, ಬೀಗದವನ ಮಕ್ಕಳೂ, ಕೊನೆಯಲ್ಲಿ ತನ್ನ ತಂಗಿಯೂ ಹೊರಗಿನವರಾಗಿದ್ದರು. ತಂಗಿಯನ್ನು ತೆಗೆಯುವಾಗ ಬರಬೇಕಾಗಿದ್ದ ಸುಖ ಬರಲೇ ಇಲ್ಲ. ಮುಂದಿನ ವಾರ ಉಳಿದ ಬೀದಿಗಳಿಂದಲೂ ಅದೇ ಕಥೆ ಬಂತು. ಸಾಹೇಬರು ಕೂಡಿ, ಕಳೆದು, ಭಾಗಿಸಿ, ಕನ್ನಡಕ ತೆಗೆದಿಟ್ಟರು. "ಮತ್ತೆ ಗೆರೆ ಕೆಳಗೇ" ಎಂದರು. ವೇದಿಕೆಯೂ ಇಲ್ಲ, ಕರೆಯುವುದೂ ಇಲ್ಲ. ಎರಡು ಕಿಟಕಿಯ ಕೋಣೆಯವರು ಅಂದು ತುಂಬ ಸೌಜನ್ಯದಿಂದ ಮಾತಾಡಿಸಿದರು.

ಮನೆಯಲ್ಲಿ ಈ ಸುದ್ದಿ ಹೇಳಿದರೆ ತಾಯಿ, "ದೇಶ ಇಳಿದದ್ದು ಇರಲಿ, ಲಿಫ್ಟ್ ಯಾವಾಗ ಹತ್ತತ್ತೆ ಕೇಳು. ಚಿಕ್ಕೋಳು ಪೆಟ್ಟಿಗೆ ಹೊತ್ಕೊಂಡು ಬರ್ತಾಳೆ" ಎಂದಳು. ಆಮೇಲೆ, "ಆ ನೀಲಿ ಚಾದರ ಒಗೆದು ಹಾಕು. ಚಿಕ್ಕೋಳಿಗೆ ನೀಲಿ ಅಂದ್ರೆ ಇಷ್ಟ."

"ಅದು ನಂದು. ನನಗೋಸ್ಕರ ತಂದ್ಕೊಂಡಿದ್ದು."

"ನಿಂದೇ. ಅದಕ್ಕೇ ನಿನ್ನನ್ನ ಕೇಳಿದ್ದು."

ಭಾನುವಾರ ದೊಡ್ಡವಳು ಆ ಚಾದರವನ್ನು ಒಗೆದಳು. ಹಿಂಡುವಾಗ ಅದಕ್ಕೆ ಬೇಕಾದ್ದಕ್ಕಿಂತ ಎರಡು ಸುತ್ತು ಹೆಚ್ಚೇ ಹಿಂಡಿದಳು. ಬಂದವಳು ಮೊದಲು ನೋಡುವುದು ಚಾದರದ ಮಡಿಕೆಯನ್ನೇ. 'ಅಕ್ಕಾ, ಹೀಗಲ್ಲ, ಮೂಲೆಗೆ ಮೂಲೆ ಸೇರಿಸಬೇಕು' ಎಂದು ಹೇಳದೆ ಇರುವವಳಲ್ಲ. ಅದನ್ನು ಕೇಳಿ ತಾಯಿ ಮೂರು ಮನೆಗೆ ಸಾರದೆ ಇರುವವಳೂ ಅಲ್ಲ. ಈಗಲೇ ಎಲ್ಲೋ ಒಳಗೆ ಸಣ್ಣಗೆ ಬಿಸಿಯಾಯಿತು.

ತಾರಸಿಯ ಹಗ್ಗದ ಮೇಲೆ ಚಾದರ ಹರವುತ್ತಿದ್ದಾಗ ಕೆಳಗಿನಿಂದ ಇಸ್ತ್ರಿಯವಳು ಕತ್ತೆತ್ತಿ ಕೂಗಿದಳು: "ಏನಮ್ಮಾ, ಒಳ್ಳೇ ಚಾದರ ಹೊರಗೆ ಬಂದಿದೆ! ಯಾರು ಬರ್ತಿದಾರೆ?"

"ನಮ್ಮ ಚಿಕ್ಕೋಳು."

"ಹೌದಾ! ಅವಳು ಹೋಗಿ ಎಷ್ಟು ಕಾಲ ಆಯ್ತು?"

ದೊಡ್ಡವಳು ಕೈಯಲ್ಲಿದ್ದ ಕ್ಲಿಪ್ಪನ್ನು ಚಾದರದ ಮೂಲೆಗೆ ಸಿಕ್ಕಿಸಿದಳು.

"ಇನ್ನೂ ವರ್ಷ ಆಗಿಲ್ಲ" ಎಂದಳು.